ಜಿಜಾಬಾಯಿ ಬರುವ ಹೊತ್ತು

ಹುಮನಾಬಾದ ಬಸ್ ಸ್ಟ್ಯಾಂಡಿನಲ್ಲಿ ಕಲ್ಯಾಣದ ಬಸ್ಸಿಗಾಗಿ ಕಾಯುತ್ತ ನಿಂತಿದ್ದ ಮಹಜಬೀನ್‌ಗೆ, ತಾನು ಬಹಳ ಹೊತ್ತಿನಿಂದ ಯಾರ ಮುಖವನ್ನೂ ನೋಡಿಲ್ಲವೆಂಬುದು ತಟ್ಟನೆ ಹೊಳೆದು ಮೈ ಜುಮ್ಮೆಂದಿತು. ನೋಡುತ್ತಿದ್ದುದೆಲ್ಲ ಕಾಲುಗಳನ್ನು. ಕಂಬಕ್ಕೆ ಒರಗಿದವನ ಚಪ್ಪಲಿಗೆ ಕೆಂಪು ಮಣ್ಣು ಹತ್ತಿದೆ, ಈತ ಇಲ್ಲಿಯವನೇ. ಬೀಡಿ ಹಚ್ಚುತ್ತಿರುವವನ ಬೂಟಿನ ಅಂಚಿನಲ್ಲಿ ಒಣಗಿದ ಎರೆಮಣ್ಣು, ಕಲ್ಯಾಣದ ಕಡೆಯವನು, ಬೆಳಿಗ್ಗೆ ಹೊಲಕ್ಕೆ ಹೋಗಿ ಹಾಗೇ ಬಸ್ಸು ಹತ್ತಿದವನು. ಅಗೋ ಆ ಹೆಂಗಸು ಹೊಸ ಚಪ್ಪಲಿಯಲ್ಲಿ ಹಿಮ್ಮಡಿ ಎತ್ತೆತ್ತಿ ಇಡುತ್ತಿದ್ದಾಳೆ, ಯಾರದೋ ಮನೆಗೆ ಮೊದಲ ಸಲ ಹೊರಟಿದ್ದಾಳೆ, ಅಲ್ಲಿ ಏನೋ ಕೇಳುವುದಿದೆ. ಇವನ್ನೆಲ್ಲ ಯಾರಿಗೆ ಹೇಳಲೆಂದು ಕೂಡಿಹಾಕುತ್ತಿದ್ದೇನೆ ಎಂದು ತನ್ನನ್ನೇ ಕೇಳಿಕೊಂಡಳು. ಸಂಜೆಯಾಗುತ್ತಿದ್ದಂತೆ ಹೈವೇ ಆಚೆಯ ಔಷಧಿ ಕಾರ್ಖಾನೆಗಳ ಕಡೆಯಿಂದ ಸಿಹಿಸಿಹಿಯಾದ ಒಂದು ಕೊಳೆತ ವಾಸನೆ ಊರೊಳಕ್ಕೆ ಇಳಿಯುತ್ತದೆ. ನಿತ್ಯದ ವಾಸನೆ. ಇಂದು ಮಾತ್ರ ಅದು ತನ್ನ ಬಟ್ಟೆಯಿಂದಲೇ ಬರುತ್ತಿದೆಯೇನೋ ಎನಿಸಿ ಸೆರಗನ್ನು ಮೂಗಿಗೆ ಹಿಡಿದು ನೋಡಿದಳು. ಪಕ್ಕದಲ್ಲಿದ್ದವರು ಅದನ್ನು ಕಂಡರೇ ಎಂದು ನೋಡಿದಳು. ಹಾಗೆ ನೋಡುವಾಗ ಮತ್ತೆ ಕಣ್ಣು ಅವರ ಕಾಲಿಗೇ ಹೋಯಿತು.

ಚಪ್ಪಲಿಯ ಮಾತು ಅವಳದಲ್ಲ, ದಾದಿಯದು. "ಮಾರಿ ಸುಳ್ಳ ಹೇಳ್ತಾದ ಜಿಜಾಬಾಯಿ, ಕೆರಾ ಹೇಳಂಗಿಲ್ಲ. ನಾ ಹೊಸ್ತಿಲದಾಗ ಕೆರಾ ನೋಡೇ ತಿಳಕೋತೀನಿ, ಯಾರು ಯಾ ಊರಿಂದ ಬಂದಾರ ಅಂತ." ಹೀಗೆಂದವಳು ತೊಂಬತ್ತು ದಾಟಿದ ಅಸ್ಗರಿ, ಮಹಜಬೀನಳ ತಂದೆಯ ತಾಯಿ. ಹೇಳಿದ್ದು ಮಹಜಬೀನಳ ಮಣಿಕಟ್ಟು ಹಿಡಿದುಕೊಂಡು, ಆದರೆ ಬೇರೆ ಯಾರಿಗೋ.

ಅದು ಶುರುವಾದದ್ದು ಈ ಮಳೆಗಾಲದ ಒಂದು ಸಂಜೆ. ದಾದಿಯ ನೆನಪು ಒಂದು ವರ್ಷದಿಂದ ಹಳೆಯ ಬಟ್ಟೆಯಂತೆ ಅಲ್ಲಲ್ಲಿ ಹಿಸಿಯುತ್ತ ಬಂದಿತ್ತು. ಮೊದಲು ಹೆಸರುಗಳು ಹೋದವು, ಆಮೇಲೆ ಊಟ ಆಯಿತೋ ಇಲ್ಲವೋ ಎಂಬುದು. ಹೋಗದೆ ಉಳಿದದ್ದು ಅವಳ ನಗು. ಅಸ್ಗರಿ ದಾದಿ ನಕ್ಕರೆ ದುಆ, ಹರಕೆ ಸಿಕ್ಕಂತೆ ಎಂದು ಕಲ್ಯಾಣದ ಕೋಟೆಯ ಹತ್ತಿರದ ಆ ಓಣಿಯಲ್ಲಿ ಎಲ್ಲರೂ ಅನ್ನುವರು. ಹೊಸ ಮದುಮಗಳನ್ನು ಮೊದಲು ಅವಳ ಮುಂದೆ ತಂದು ಕೂಡಿಸುವರು. ಆ ಸಂಜೆ ಮಹಜಬೀನ್ ಶಾಲೆಯಿಂದ ಬಂದವಳು, ದಾದಿ ಮಧ್ಯಾಹ್ನ ಏನೂ ತಿಂದಿಲ್ಲವೆಂದು ತಂಗಿಯಂತಿದ್ದ ತಮ್ಮನ ಹೆಂಡತಿ ಆಯೆಷಾ ಹೇಳಿದಳೆಂದು, ಒಂದು ಲೋಟ ಮಜ್ಜಿಗೆ ಒಯ್ದು ಕೊಟ್ಟಳು. ದಾದಿ ಲೋಟವನ್ನು ಮೂಸಿದಳು. ಮುಖದ ಮೇಲಿನ ನಗು ದೀಪ ಆರಿದಂತೆ ಆರಿತು. ಅದರ ಕೆಳಗೆ ಮಹಜಬೀನ್ ಹುಟ್ಟಿದಾಗಿನಿಂದ ಕಂಡಿರದ ಒಂದು ಮುಖವಿತ್ತು, ಚುರುಕಾದ, ಒಣಗಿದ, ಹರೆಯದ ಮುಖ. ದಾದಿ ಅವಳ ಮಣಿಕಟ್ಟು ಹಿಡಿದು ಬಳಿಗೆಳೆದು ಪಿಸುಗುಟ್ಟಿದಳು: "ಹಗುರ ಮಾತಾಡು ಜಿಜಾಬಾಯಿ. ಒಳಗ ಮಂದಿ ಅದಾರ."

ಕನ್ನಡದಲ್ಲಿ. ಮಹಜಬೀನಳ ಎದೆ ಧಸಕ್ಕೆಂದದ್ದು ಮಾತಿಗಲ್ಲ, ಅದು ಕನ್ನಡವಾಗಿದ್ದುದಕ್ಕೆ. ಅವಳು, ತಮ್ಮ ಅಕ್ರಮ್, ಆಯೆಷಾ ಎಲ್ಲರೂ ಕನ್ನಡ, ದಖನಿ ಉರ್ದು ಎರಡನ್ನೂ ಬೆರೆಸಿ ಆಡುವವರು, ಅವಳಂತೂ ಹುಮನಾಬಾದಿನ ಹುಡುಗಿಯರ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿಯೇ ಅನ್ನ ತಿನ್ನುವವಳು. ದಾದಿ ಮಾತ್ರ ಕನ್ನಡದ ಒಂದಕ್ಷರ ಆಡಿದ್ದನ್ನು ಯಾರೂ ಕೇಳಿರಲಿಲ್ಲ. ಎಂ.ಎ. ಪರೀಕ್ಷೆಗೆ ಮಹಜಬೀನ್ ಪಡಸಾಲೆಯಲ್ಲಿ ಕೂತು ಗಟ್ಟಿಯಾಗಿ ಓದುವಾಗ ದಾದಿ ಅಡಿಕೆ ಕತ್ತರಿಸುತ್ತ, "ಮೇರೆಕು ಕ್ಯಾ ಸಮಜ್ತಾ ಮಾ, ಪಢ್ ತೂ", ನನಗೇನು ತಿಳಿಯುತ್ತದೆ, ನೀ ಓದು, ಎಂದು ನಗುತ್ತಿದ್ದಳು. ಎಲ್ಲವೂ ತಿಳಿಯುತ್ತಿತ್ತೇ? ಅಷ್ಟು ವರ್ಷ ಕೂತು ಕೇಳುತ್ತಿದ್ದಳೇ?

ಮುಂದೆ ಸಂಜೆ ಸಂಜೆಗೂ ಮಜ್ಜಿಗೆ ಒಯ್ದಳು. ದಾದಿ ದಿನದ ಸುದ್ದಿ ಒಪ್ಪಿಸಿದಳು. ತುಂಡುತುಂಡಾಗಿ ಬಂದದ್ದನ್ನು ಮಹಜಬೀನ್ ಒಳಗೊಳಗೇ ಜೋಡಿಸಿಕೊಂಡಳು. ನಿಜಾಮನ ರಾಜ್ಯ ಹಿಂದೂಸ್ತಾನಕ್ಕೆ ಸೇರುವುದೋ ಬೇಡವೋ ಎಂದು ಊರೂರು ಉರಿಯುತ್ತಿದ್ದ ವರ್ಷ ಅದು. ಈ ಮನೆಯ ದಿವಾನಖಾನೆಯಲ್ಲಿ ನಿಜಾಮನ ಪರವಾಗಿ ಬಂದೂಕು ಹಿಡಿದ ರಜಾಕಾರರು ಸೇರುತ್ತಿದ್ದರು. ಘಾಟಬೋರಾಳದಿಂದ ಮದುವೆಯಾಗಿ ಬಂದ ಪಿಂಜಾರರ ಹುಡುಗಿ ಅಸ್ಗರಿ ಅವರಿಗೆ ರೊಟ್ಟಿ ತಟ್ಟುತ್ತಿದ್ದಳು. ಅವಳ ತವರೂರಿನವಳೇ ಆದ ಜಿಜಾಬಾಯಿ ದೀಪ ಹಚ್ಚುವ ಹೊತ್ತಿಗೆ ಹಿತ್ತಲ ಬಾಗಿಲಿಗೆ ಮಜ್ಜಿಗೆ ಗಡಿಗೆ ಹೊತ್ತು ಬರುವಳು. ಇವಳು ಹೇಳಿದ್ದನ್ನು ಆಕೆ ಗಡಿಯಾಚೆ ಶಿಬಿರ ಹೂಡಿದ್ದ ಹೋರಾಟದವರಿಗೆ ಮುಟ್ಟಿಸುವಳು. ಇಬ್ಬರೂ ಮಾತಾಡುತ್ತಿದ್ದುದು ತವರಿನ ಕನ್ನಡದಲ್ಲಿ, ಈ ಮನೆಯ ಹೆಂಗಸರಿಗೆ ಚೆನ್ನಾಗಿ ತಿಳಿಯದ ಭಾಷೆಯಲ್ಲಿ. "ಬಂದೂಕಕ್ಕ ಎಣ್ಣಿ ಹಚ್ಚಾಕತ್ತಾರ. ಘಾಟಬೋರಾಳದ ಹೆಸರ ತಗೋಳಾಕತ್ತಾರ. ನಮ್ಮ ಅಪ್ಪನ ಮನಿ ಊರ ಬಾಯಾಗೇ ಅದ ಜಿಜಾಬಾಯಿ. ಇದು ಪಿಂಜಾರರ ಮನಿ ಅಂತ ಬೆಂಕಿಗೇನ ತಿಳಿತದ? ನಿಮ್ಮ ಮನಿಗೂ ನಮ್ಮ ಮನಿಗೂ ಒಂದೇ ಗ್ವಾಡಿ."

ಕೇಳುತ್ತಿದ್ದ ಮಹಜಬೀನ್ ಬೆವರುತ್ತಿದ್ದಳು. ಪಡಸಾಲೆಯಾಚೆ ಟಿ.ವಿ. ಓಡುತ್ತಿರುತ್ತಿತ್ತು, ಅಕ್ರಮನ ಮಕ್ಕಳು ಜಗಳವಾಡುತ್ತಿದ್ದರು. ಆದರೆ ದಾದಿಯ ಸುದ್ದಿಗಳು ಅಂದಿನವಷ್ಟೇ ಆಗಿರಲಿಲ್ಲ ಎಂಬುದು ಅವಳಿಗೆ ತಿಳಿದದ್ದು ಸ್ವಲ್ಪ ತಡವಾಗಿ. ಒಂದು ಸಂಜೆ ದಾದಿ ಅಂದಳು: "ಈ ಮನ್ಯಾಗ ಇನ್ನೊಬ್ಬಾಕಿ ಅದಾಳ. ಮುಂಜಾನಿ ಹೋಗ್ತಾಳ, ಸಂಜಿಗಿ ಬರ್ತಾಳ. ಯಾ ಕಡಿಯಾಕಿ ಅಂಬೋದು ನನಗಿನ್ನಾ ತಿಳಿವಲ್ದು. ಬಚ್ಚಲಾಗ ನಳಾ ಬಿಟ್ಟು ಅಳತಾಳ. ಅತ್ತು ಬಂದು ಪೌಡರ್ ಹಚ್ಗೋತಾಳ. ಬೇಕಾದಾಗ ಮಾರಿ ಒರೆಸಿಕೊಳ್ಳಾಕ ಬರೋ ಹೆಂಗಸಿನ್ನ ನಂಬಬಾರದು."

ಅವಳು ಮಜ್ಜಿಗೆಯ ಲೋಟ ಹಿಡಿದೇ ಕೂತಿದ್ದಳು. ಜಹೀರಾಬಾದಿನ ಗಂಡನ ಮನೆಯಿಂದ ಮಕ್ಕಳಿಲ್ಲದೆ, ತಲಾಖ್ ಪಡೆದು ತಿರುಗಿ ಬಂದಾಗ ಈ ದಾದಿಯೇ ಅವಳ ತಲೆ ಸವರಿ ಏನೂ ಕೇಳದೆ ನಕ್ಕಿದ್ದಳು. ಆ ನಗುವಿನ ಆಸರೆಯಲ್ಲೇ ಇಷ್ಟು ವರ್ಷ ತಮ್ಮನ ಮನೆಯಲ್ಲಿ ತಲೆಯೆತ್ತಿಕೊಂಡು ಇದ್ದವಳು ತಾನು ಎಂದುಕೊಂಡಿದ್ದಳು. ನಗುತ್ತಲೇ ಅವಳು ಬಚ್ಚಲ ನಳದ ಸದ್ದಿಗೆ ಕಿವಿಗೊಟ್ಟು ಕೂತಿದ್ದಳೇ? ನಾಚಿಕೆಯಿಂದ ಕೆನ್ನೆ ಕಾದಿತು. ವಿಚಿತ್ರವೆಂದರೆ, ನಾಚಿಕೆಯ ತಳದಲ್ಲಿ ಒಂದು ಹಿತವೂ ಇತ್ತು. ಈ ಮನೆಯಲ್ಲಿ ತನ್ನನ್ನು ಯಾರೋ ಒಬ್ಬರು ಇಷ್ಟು ಗಮನವಿಟ್ಟು ನೋಡಿದ್ದಾರೆ. ಮರುದಿನ ಅವಳು ಪೌಡರ್ ಹಚ್ಚಿಕೊಳ್ಳಲಿಲ್ಲ. ದಾದಿ ಅದನ್ನು ಗಮನಿಸಿ ಜಿಜಾಬಾಯಿಗೆ ಹೇಳುವಳೇ ಎಂದು ಕಾದಳು. ದಾದಿ ಹೇಳಿದಳು.

ಹೆಂಗಸರಿಬ್ಬರು ಬಂದುಹೋದ ಸುದ್ದಿ ಸಿಕ್ಕಿದ್ದೂ ಹೀಗೇ. "ಹುಮನಾಬಾದ ಕಡಿಯಿಂದ ಬಂದಿದ್ರು, ಕೆರಕ್ಕ ಕೆಂಪ ಮಣ್ಣಿತ್ತು. ಮಿಠಾಯಿ ಡಬ್ಬಿ ತಂದಿದ್ರು. ಸಣ್ಣಾಕಿ ಆ ಸಂಜಿಗಿ ಬರೋವಾಕಿಂದು ಫೋಟೋ ತೋರಿಸಿದಳು, ವಯಸ್ಸ ಕಡಿಮಿ ಹೇಳಿದಳು. ಮಕ್ಕಳಾಗ್ತಾವೇನಂತ ಆ ಮುದುಕಿ ಕೇಳ್ತು. ಅವರ ಮನಿಯಾಂವ ಟೈರ್ ಅಂಗಡಿ ಇಟ್ಟಾನಂತ, ಹೇಂತಿ ಸತ್ತಾಳಂತ. ಆಕಿಗಿ ಈಗ ಹೇಳಬ್ಯಾಡ್ರಿ, ಗಟ್ಟಿ ಆಗ್ಲಿ ಅಂದಳು ಸಣ್ಣಾಕಿ." ಸಣ್ಣಾಕಿ ಎಂದರೆ ಆಯೆಷಾ. ತನ್ನ ಮದುವೆಯ ಮಾತು ತನಗೇ ಗುಟ್ಟಾಗಿ ನಡೆಯುತ್ತಿದೆ! ಸಿಟ್ಟು ಬರಬೇಕಿತ್ತು. ಬಂದದ್ದು ಬೇರೆ ಏನೋ. ಆ ರಾತ್ರಿಯ ಊಟಕ್ಕೆ ಕೂತಾಗ, ಆಯೆಷಾ ಎಂದಿಗಿಂತ ಹೆಚ್ಚು ಅಕ್ಕರೆಯಿಂದ "ಆಪಾ, ಇನ್ನೊಂದು ತುಂಡು ಹಾಕ್ಕೋರಿ" ಎಂದು ಬಡಿಸಿದಾಗ, ಮಹಜಬೀನ್ ಅವಳ ಮುಖವನ್ನು ನೋಡುತ್ತ, ನಿನಗೆ ಗೊತ್ತಿರುವುದು ನನಗೂ ಗೊತ್ತಿದೆ, ನನಗೆ ಗೊತ್ತಿರುವುದು ನಿನಗೆ ಗೊತ್ತಿಲ್ಲ ಎಂದುಕೊಂಡಳು. ಬೆನ್ನಗುಂಟ ಸಣ್ಣದೊಂದು ಸುಖ ಹರಿಯಿತು. ಅದೇ ಸುಖವನ್ನು ದಿನದಿನವೂ ಸವಿದಳು. ಒಮ್ಮೆ ಕೈ ತೊಳೆಯುವಾಗ ಕನ್ನಡಿಯಲ್ಲಿ ತನ್ನ ತುಟಿಯ ಮೇಲೆ ಯಾರದೋ ನಗು ಕಂಡಿತು. ತಂಪಾದ, ಮೆದುವಾದ, ಎಲ್ಲರೂ ಮೆಚ್ಚುವಂಥ ನಗು. ನೀರು ಎರಚಿಕೊಂಡಳು. ಅದು ತಕ್ಷಣ ಹೋಗಲಿಲ್ಲ.

ನಿನ್ನೆ ಸಂಜೆ ದಾದಿ ಲೋಟವನ್ನು ಬದಿಗಿಟ್ಟು ಅವಸರದಿಂದ ಹೇಳಿದಳು: "ನಾಳಿಗೇ ಘಾಟಬೋರಾಳಕ್ಕ ಹೋಗ್ತಾರ. ಸೀದಾ ಹೋಗಂಗಿಲ್ಲ. ಹುಡಗಿ ಊರ ಕಡಿಯಿಂದ ಸುತ್ತ ಹಾಕಿ ಬರ್ತಾರ, ಯಾರಿಗೂ ತಿಳೀಬಾರದಂತ. ಊರಾಗಿನ ಮಂದಿಗಿ ಹೊಲಕ್ಕ ಓಡಾಕ ಹೇಳು. ಗಡಿಯಾಗಿನವರಿಗಿ ಹಳ್ಳದ ದಂಡಿಮ್ಯಾಲ ಕೂಡಾಕ ಹೇಳು. ಮುಂದ ಒಂದ ಕುದರಿ ಇರ್ತದ. ಮೊದಲ ಅದನ್ನ ಹೊಡೀಬೇಕು. ಅದು ಬಿದ್ದರ ಹಿಂದಿನವರು ನಿಂದ್ರಂಗಿಲ್ಲ." ಆಮೇಲೆ ಇನ್ನೂ ಸಣ್ಣ ದನಿಯಲ್ಲಿ, ಯಾರಿಗೂ ಅಲ್ಲವೆಂಬಂತೆ ಅಂದಳು: "ಕುದರಿಗಿ ಕಡ್ಲಿ ನಾನೇ ನೆನಿ ಹಾಕೀನಿ."

ಮಹಜಬೀನ್ ಎದ್ದು ದಿವಾನಖಾನೆಗೆ ಬಂದು ನಿಂತಳು. ಗೋಡೆಯ ಮೇಲೆ ಅವಳು ಹುಟ್ಟುವುದಕ್ಕೆ ಮೊದಲಿನಿಂದಲೂ ಇರುವ ಫೋಟೋ. ಕುಡಿಮೀಸೆಯ ಹುಡುಗನೊಬ್ಬ ಕುದುರೆಯ ಕುತ್ತಿಗೆಯ ಮೇಲೆ ಕೈಯಿಟ್ಟು ನಿಂತಿದ್ದಾನೆ. ಅಜ್ಜ ಶಂಶುದ್ದೀನ್. ಹುಡಗಿ ಎಂಬ ಊರಿನ ಹಾದಿಯಲ್ಲಿ ಯಾರೋ ಹೊಂಚು ಹಾಕಿ ಹೊಡೆದರು, ಶಹೀದನಾದ, ಎಂದು ಅವಳು ಕೇಳುತ್ತ ಬೆಳೆದಿದ್ದಳು. ಆಗ ಅಸ್ಗರಿಯ ಹೊಟ್ಟೆಯಲ್ಲಿ ಮಹಜಬೀನಳ ತಂದೆ ಇದ್ದ. ಕೆಲವೇ ವಾರಗಳಲ್ಲಿ ಹಿಂದೂಸ್ತಾನದ ಫೌಜು ಬಂತು, ನಿಜಾಮನ ರಾಜ್ಯ ಮುಗಿಯಿತು. ಈ ಓಣಿಯೂ ತನ್ನ ಪಾಲಿನ ಬೆಂಕಿ ಕಂಡಿತು. ಅತ್ತೆ ವಜೀರಬಿ, ಸತ್ತ ಮಗನ ಗುರುತೆಂದು ಸೊಸೆಯನ್ನು ಎದೆಗೆ ಹಚ್ಚಿಕೊಂಡು ಸಾಕಿದಳು. ಕೊನೆಗೆ ಸೊಸೆಯ ತೊಡೆಯ ಮೇಲೆ ತಲೆಯಿಟ್ಟೇ ಪ್ರಾಣ ಬಿಟ್ಟಳು. ಅಸ್ಗರಿಯಂಥ ಸೊಸೆ ಯಾರಿಗೂ ಸಿಗುವುದಿಲ್ಲ ಎಂದು ಇಂದಿಗೂ ಓಣಿಯಲ್ಲಿ ಅನ್ನುತ್ತಾರೆ. ಈ ಮನೆಯ ಮಾನವೆಲ್ಲ ಆ ಒಂದು ಸಾವಿನ ಮೇಲೆ, ಆ ಒಬ್ಬ ವಿಧವೆಯ ಮೇಲೆ ನಿಂತದ್ದು. ಫೋಟೋದಲ್ಲಿನ ಕುದುರೆಯ ಕಣ್ಣು ಅವಳನ್ನೇ ನೋಡುತ್ತಿತ್ತು. ಅಜ್ಜನ ಕಣ್ಣು ಎಲ್ಲೋ ಇತ್ತು. ಆ ಊರಲ್ಲಿ ಕುದುರೆ ಇದ್ದದ್ದು ಇವನೊಬ್ಬನಿಗೇ ಏನಲ್ಲವಲ್ಲ ಎಂದುಕೊಂಡಳು. ಅಂದು ಬೇರೆ ಯಾರಾದರೂ ಹತ್ತಿರಬಹುದು. ನೆನೆಹಾಕಿದ ಕಡಲೆ ಬೇರೆ ಯಾರ ಕುದುರೆಗೋ ಇರಬಹುದು.

ನಿದ್ದೆ ಹತ್ತದೆ ಎದ್ದ ಇಂದಿನ ಬೆಳಗಿನಲ್ಲೇ ಅವಳು ಆ ಕೆಲಸ ಮಾಡಿದ್ದು. ಚಹಾದ ಹೊತ್ತು. ಪಡಸಾಲೆಯ ಮಂಚದ ಮೇಲೆ ದಾದಿ ರೊಟ್ಟಿಯನ್ನು ಚಹಾದಲ್ಲಿ ಅದ್ದಿ ಚೀಪುತ್ತ ನಗುತ್ತ ಕೂತಿದ್ದಳು. ಅಕ್ರಮ್ ಮೊಬೈಲು ನೋಡುತ್ತಿದ್ದ. ಆಯೆಷಾ ಚಹಾದ ಬಸಿ ಮುಂದಿಡುತ್ತ, "ಆಪಾ, ನಾಳಿ ಸಂಜಿಗಿ ಆ ಹಸರ ದುಪಟ್ಟಾ ಹಾಕ್ಕೋರಿ, ನಿಮಗ ಭಾಳ ಛಂದ ಕಾಣ್ತದ. ಯಾರೋ ಮಿಲನೇ ಬರ್ತಾರ" ಎಂದಳು.

"ಟೈರ್ ಅಂಗಡಿಯವರೇನ?" ಎಂದಳು ಮಹಜಬೀನ್. "ನನ್ನ ವಯಸ್ಸೇನು ಅಂತ ಹೇಳಿಟ್ಟಿ ಅವರಿಗೆ? ಹೇಳಿಬಿಡು, ನನಗೂ ನೆನಪಿಟ್ಕೋಬೇಕಲ್ಲ."

ಆಯೆಷಾಳ ಕೈಯಲ್ಲಿನ ಕಿಟ್ಲಿ ಹಾಗೇ ನಿಂತಿತು. ಅಕ್ರಮ್ ತಲೆಯೆತ್ತಿದ. "ನಿಮಗ ಯಾರ ಹೇಳಿದ್ರು ಆಪಾ?" ಎಂದಳು ಆಯೆಷಾ, ಬಹಳ ಮೆಲ್ಲಗೆ. "ಆ ಹೊತ್ತಿಗಿ ಮನ್ಯಾಗ ಯಾರೂ ಇದ್ದಿಲ್ಲ."

ಏನು ಬೇಕಾದರೂ ಹೇಳಬಹುದಿತ್ತು. ಓಣಿಯವರು ಹೇಳಿದರು, ಶಾಲೆಯಲ್ಲಿ ಯಾರೋ ಹೇಳಿದರು, ಹುಮನಾಬಾದು ಎಷ್ಟು ದೊಡ್ಡ ಊರು. ಅವಳು ಏನನ್ನೂ ಹೇಳಲಿಲ್ಲ. ಕಣ್ಣು ಮಾತ್ರ, ರೆಪ್ಪೆ ಮಿಟುಕಿಸುವಷ್ಟು ಹೊತ್ತು, ದಾದಿಯ ಮಂಚದ ಕಡೆಗೆ ಹೋಗಿ ಬಂತು. ಆಯೆಷಾ ಅದನ್ನು ನೋಡಿದಳು. ದಾದಿಯೂ ನೋಡಿದಳು. ನಗುತ್ತಲೇ ಇದ್ದಳು. ಅದ್ದಿದ ರೊಟ್ಟಿಯ ತುಂಡೊಂದು ಹರಿದು ಚಹಾದೊಳಕ್ಕೆ ಬಿತ್ತು.

ಶಾಲೆಯಲ್ಲಿ ಇಡೀ ದಿನ ಆ ಒಂದು ರೆಪ್ಪೆಯ ಹೊತ್ತು ಅವಳನ್ನು ಬಿಡಲಿಲ್ಲ. ನಾಳೆ ಸೆಪ್ಟೆಂಬರ್ ಹದಿನೇಳು, ನಿಜಾಮನ ಆಳ್ವಿಕೆ ಮುಗಿದ ದಿನದ ಧ್ವಜಾರೋಹಣ. ಸಮಾಜ ವಿಜ್ಞಾನದ ಓಂಪ್ರಕಾಶ ಸರ್ ಬರೆದುಕೊಟ್ಟ ಭಾಷಣವನ್ನು ಪೂನಂ ಎಂಬ ಹುಡುಗಿಯಿಂದ ಹೇಳಿಸಿ ತಿದ್ದುವ ಕೆಲಸ ಕನ್ನಡದವಳೆಂದು ಇವಳ ಪಾಲಿಗೆ ಬಂದಿತ್ತು. ಹುಡುಗಿ ಎದೆಯುಬ್ಬಿಸಿ, ವೀರ ವನಿತೆಯರು ಬುಟ್ಟಿಯ ತಳದಲ್ಲಿ ಸುದ್ದಿ ಸಾಗಿಸಿದ್ದನ್ನು ಹೇಳಿ, ನಡುವೆ ನಿಂತು ಕೇಳಿದಳು: "ಮಿಸ್, ಎಲ್ಲಾ ಮುಗದ ಮ್ಯಾಲ ಆ ಹೆಂಗಸರು ಏನ ಮಾಡಿದ್ರರಿ?"

"ಮನಿಗಿ ಹೋದ್ರು."

"ಯಾರ ಮನಿಗಿರಿ?"

ಮಹಜಬೀನ್ ಭಾಷಣದ ಹಾಳೆಯನ್ನು ಅವಳ ಕಡೆಗೆ ತಿರುಗಿಸಿದಳು. "ಮುಂದ ಓದು" ಎಂದಳು.

ಸ್ಟಾಫ್ ರೂಮಿನಲ್ಲಿ ಓಂಪ್ರಕಾಶ ಸರ್ ಡಬ್ಬಿ ತೆರೆಯುತ್ತ, ಎಲ್ಲರಿಗೂ ಕೇಳುವಂತೆ, "ನಿಮ್ಮ ಮನ್ಯಾಗ ಆ ಕಾಲದ ಹಿರಿಯಾರು ಇನ್ನಾ ಅದಾರಂತಲ್ರಿ ಟೀಚರ್? ಆವಾಗ ನಿಮ್ಮವರು ಯಾ ಕಡಿ ಇದ್ರು ಕೇಳಬೇಕಿತ್ತು" ಎಂದು, ಅವಳು ತಲೆಯೆತ್ತುವುದರೊಳಗೆ, "ತಮಾಷಿಗಿ ಅಂದೆ ನೋಡ್ರಿ, ಮನಸಿಗಿ ಹಚ್ಗೋಬ್ಯಾಡ್ರಿ" ಎಂದು ಅವಳ ಮುಂದೆ ಶೇಂಗಾ ಹಿಂಡಿಯನ್ನೂ ಸರಿಸಿದರು. ಇಬ್ಬರು ನಕ್ಕರು, ಒಬ್ಬಳು ನಗಲಿಲ್ಲ. ಪ್ರತಿ ವರ್ಷ ಈ ವಾರದಲ್ಲಿ ಇಂಥದೊಂದು ಮಾತು ಬರುತ್ತದೆ, ಪ್ರತಿ ವರ್ಷ ಅವಳು ನುಂಗುತ್ತಾಳೆ. ಈ ವರ್ಷ ಮೊದಲ ಬಾರಿಗೆ ಅವಳ ಹತ್ತಿರ ಉತ್ತರವಿತ್ತು. ನಮ್ಮ ದಾದಿ ನಿಮ್ಮ ಕಡೆ ಇದ್ದಳು ಸರ್, ಗಂಡನ ಜೀವ ಕೊಟ್ಟು ಇದ್ದಳು. ನಾಲಗೆಯ ತುದಿಗೆ ಬಂದದ್ದು ಅಲ್ಲೇ ನಿಂತಿತು. ಇಲ್ಲಿ ಅದನ್ನು ಆಡಿದರೆ ನಾಳೆ ಶಾಲು, ಹಾರ, ಪೇಪರಿನಲ್ಲಿ ಫೋಟೋ. ಕಲ್ಯಾಣದ ತನ್ನ ಓಣಿಯಲ್ಲಿ ಅದಕ್ಕೆ ಒಂದೇ ಹೆಸರು, ಮುಖಬಿರ್, ಸುದ್ದಿ ಕೊಟ್ಟು ಮನೆ ಮುರಿದವಳು. ಎರಡಕ್ಕಿಂತ ಹೆಚ್ಚು ಅಸಹ್ಯವಾದದ್ದು ತನ್ನೊಳಗೇ ಇತ್ತು. ಒಂದು ಡಬ್ಬಿ ಊಟದ ಹೊತ್ತಿನ ಮಾನಕ್ಕಾಗಿ, ಇವರ ಮುಂದೆ ಒಮ್ಮೆ ತಲೆಯೆತ್ತುವುದಕ್ಕಾಗಿ, ತಾನು ಮುದುಕಿಯನ್ನು ಎರಡನೆಯ ಸಲ ಹಿಡಿದುಕೊಡಲು ಸಿದ್ಧಳಾಗಿದ್ದಳು. "ಗೊತ್ತಿಲ್ರಿ ಸರ್" ಎಂದಳು. ಹಿಂಡಿ ತಿಂದಳು. ಚೆನ್ನಾಗಿದೆ ಎಂದೂ ಹೇಳಿದಳು.

ಬಸ್ಸು ಬಂತು. ಕಿಟಕಿಯ ಬದಿಗೆ ಕೂತಳು. ತೊಗರಿಯ ಹೊಲಗಳ ಮೇಲೆ ಮೋಡ ಬಿದ್ದಿತ್ತು. ಒಂದು ಹಳ್ಳದ ಸೇತುವೆ ದಾಟುವಾಗ ದಂಡೆಯ ಮೇಲೆ ಯಾರೋ ಬಗ್ಗಿ ಕೂತಂತೆ ಕಂಡು ಕುತ್ತಿಗೆ ಹೊರಳಿಸಿದಳು. ಜಾಲಿಯ ಗಿಡ. ಮುಂದಿನ ಸೀಟಿನಲ್ಲಿದ್ದವನು ಹಿಂದೆ ತಿರುಗಿ ನೋಡಿದ. ಯಾಕೆ ನೋಡಿದ? ಈ ಬಸ್ಸಿನಲ್ಲಿ ತನ್ನ ಕಾಲನ್ನು ಯಾರಾದರೂ ನೋಡುತ್ತಿರಬಹುದು, ಈಕೆ ಎಲ್ಲಿಂದ ಬಂದಳು, ಯಾ ಕಡೆಯವಳು ಎಂದು ಓದುತ್ತಿರಬಹುದು. ಕಾಲುಗಳನ್ನು ಸೀಟಿನ ಕೆಳಗೆ ಎಳೆದುಕೊಂಡಳು.

ಮನೆಗೆ ಬಂದಾಗ ಪಡಸಾಲೆ ಬೇರೆ ಯಾರದೋ ಮನೆಯದೆಂಬಂತೆ ಕಂಡಿತು. ದಾದಿಯ ಮಂಚವಿದ್ದ ಜಾಗದಲ್ಲಿ ನೆಲದ ಮೇಲೆ ಮಾಸದ ನಾಲ್ಕು ಗುರುತುಗಳಿದ್ದವು. ಆಯೆಷಾ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತು, ಕೇಳುವುದಕ್ಕೆ ಮೊದಲೇ ಹೇಳಿದಳು: "ಹಿಂದಿನ ಖೋಲ್ಯಾಗ ಹಾಕೀವಿ ಆಪಾ. ಇಲ್ಲಿ ಗಾಳಿ ಭಾಳ, ದಾದಿಗೆ ನೆಗಡಿ ಆಗ್ತದ."

"ಆ ಕತ್ತಲ ಖೋಲ್ಯಾಗ?"

"ಬರೋ ಹೋಗೋರ ಮುಂದ ದಾದಿ ಏನರೆ ಅಂದ್ರ?" ಎಂದ ಅಕ್ರಮ್, ಅವಳ ಮುಖ ನೋಡದೆ. "ಬುದ್ಧಿ ಸ್ಥಿರ ಇಲ್ಲಲ್ಲ. ನಿಮ್ಮ ಮುಂದ ಮಾತಾಡಿದಂಗ ಇನ್ನೊಬ್ರ ಮುಂದ ಮಾತಾಡಿದ್ರ? ಮನಿ ಗುಟ್ಟು ಮನ್ಯಾಗಿರಬೇಕಲ್ಲ ಆಪಾ."

"ಆ ಮದುವಿ ನನಗ ಬ್ಯಾಡ ಅಕ್ರಮ್."

"ಆಯ್ತು" ಎಂದ ಅವನು, ಅಷ್ಟು ಬೇಗ, ಅಷ್ಟು ಸುಲಭವಾಗಿ. "ಫೋನ್ ಮಾಡಿ ಹೇಳಿಬಿಡ್ತೀನಿ. ನಿಮಗ ಬ್ಯಾಡಾದ್ರ ಬ್ಯಾಡ. ನಾವೇನ ಜಬರದಸ್ತಿ ಮಾಡ್ತೀವೇನ? ಮೊದಲೇ ಅಂದಿದ್ರ ಆಗಿತ್ತು." ಅವನ ಕಣ್ಣಿನಲ್ಲಿ ನಿಜವಾದ ನೋವಿತ್ತು. ಆಯೆಷಾಳ ಕಣ್ಣು ತುಂಬಿತ್ತು. ಈ ಎರಡು ಮಾತಿಗೆ ಮುಗಿದುಹೋಗುವ ವಿಷಯ. ಎಷ್ಟೋ ದಿನ ಅದನ್ನು ಬಾಯಲ್ಲಿಟ್ಟುಕೊಂಡು ಚೀಪಿದ್ದು ತಾನು. ಮಂಚ ಮಾತ್ರ ಮತ್ತೆ ಹೊರಗೆ ಬರುವುದಿಲ್ಲವೆಂಬುದು ಮೂವರಿಗೂ ಗೊತ್ತಿತ್ತು. ಅದರ ಮಾತನ್ನು ಯಾರೂ ಎತ್ತಲಿಲ್ಲ. ಅವಳೂ ಎತ್ತಲಿಲ್ಲ.

ದೀಪ ಹಚ್ಚುವ ಹೊತ್ತಾಯಿತು. ಮಜ್ಜಿಗೆ ಕಡೆದು, ಉಪ್ಪು ಹಾಕಿ, ಲೋಟ ಹಿಡಿದು ಹಿಂದಿನ ಕೋಣೆಗೆ ಹೋದಳು. ಹಳೆಯ ಜೋಳದ ಚೀಲ, ಮುರಿದ ತೊಟ್ಟಿಲು ಇಡುವ ಕೋಣೆ. ಕಿಟಕಿಯಾಚೆ ಪಕ್ಕದ ಮನೆಯ ಗೋಡೆ ಅಂಗೈ ದೂರದಲ್ಲಿ ನಿಂತಿತ್ತು. ಮಂಚದ ಮಗ್ಗುಲಲ್ಲೇ ಹಿತ್ತಲ ಬಾಗಿಲು. ಅವಳ ಅಬ್ಬಾ ಬದುಕಿದ್ದಾಗಲೇ ಅಗುಳಿ ಹಾಕಿ ಮುಚ್ಚಿದ್ದು, ಆಚೆ ಈಗ ಹಿತ್ತಲೂ ಇಲ್ಲ, ದಾರಿಯೂ ಇಲ್ಲ. ಆ ಬಾಗಿಲೇ ಇದು ಎಂಬುದು ಹೊಸ್ತಿಲು ದಾಟಿದ ಮೇಲೆ ಅವಳಿಗೆ ಹೊಳೆಯಿತು. ತಿಳಿಯದೆಯೇ ಆಯೆಷಾ ಮುದುಕಿಯನ್ನು ಹಳೆಯ ಠಾಣೆಗೇ ತಂದು ಕೂಡಿಸಿದ್ದಳು.

ದಾದಿ ನೆಟ್ಟಗೆ ಕೂತಿದ್ದಳು. ಲೋಟ ಮೂಸಿದಳು. ನಗು ಆರಿತು. ಮಣಿಕಟ್ಟಿನ ಮೇಲೆ ಬಿದ್ದ ಹಿಡಿತ ಇಂದು ಎಲುಬಿಗೆ ತಾಗುವಷ್ಟು ಬಿಗಿಯಾಗಿತ್ತು.

"ನನ್ನ ಮ್ಯಾಲ ಸಂಶೇ ಬಂದದ ಜಿಜಾಬಾಯಿ. ಹಾಸಿಗಿ ಇಲ್ಲಿ ತಂದು ಹಾಕ್ಯಾರ. ಇನ್ನ ಹೊಸ್ತಿಲ ಕಾಣಂಗಿಲ್ಲ, ಕೆರಾ ಕಾಣಂಗಿಲ್ಲ. ನೀ ಇನ್ನ ಬರಬ್ಯಾಡ."

"ಯಾರ ಹೇಳಿದ್ರು ಅವರಿಗೆ?" ಎಂದಳು ಮಹಜಬೀನ್.

"ಆಕಿ. ಮುಂಜಾನಿ ಹೋಗಿ ಸಂಜಿಗಿ ಬರೋವಾಕಿ. ಬಾಯಿ ಬಿಡಲಿಲ್ಲ. ನನ್ನ ಕಡಿ ನೋಡಿದಳು ಅಷ್ಟೇ." ದಾದಿಯ ದನಿಯಲ್ಲಿ ಸಿಟ್ಟಿರಲಿಲ್ಲ. ಮಳೆ ಬಂತು ಎಂದು ಹೇಳಿದಂತೆ ಹೇಳಿದಳು. "ನಾ ನಿನಗ ಹೇಳಿದ್ದೆ, ನಂಬಬ್ಯಾಡಂತ."

ಎಲ್ಲವೂ ಇಲ್ಲಿಗೆ ಮುಗಿಯುತ್ತದೆ ಎನಿಸಿತು. ನಾಳೆ ಈ ಹಿಡಿತ ಇರುವುದಿಲ್ಲ, ಈ ಪಿಸುಮಾತು ಇರುವುದಿಲ್ಲ. ಕ್ಷಮೆ ಕೇಳಬಹುದಿತ್ತು. ನಾನು ಜಿಜಾಬಾಯಿ ಅಲ್ಲ ದಾದಿ, ನಿನ್ನ ಮೊಮ್ಮಗಳು, ನಾನೇ ಆಕೆ ಎಂದು ಅತ್ತುಬಿಡಬಹುದಿತ್ತು. ಆದರೆ ಒಂದು ಪ್ರಶ್ನೆ ನಿನ್ನೆಯಿಂದ ಒಳಗೆ ಕೆರೆಯುತ್ತಿತ್ತು. ಅದಕ್ಕೆ ಉತ್ತರ ಸಿಗದಿದ್ದರೆ ದಿವಾನಖಾನೆಯ ಗೋಡೆಯನ್ನು ಮತ್ತೆಂದೂ ನೋಡಲಾರೆ ಎನಿಸಿತು. ಅವಳು ದನಿ ತಗ್ಗಿಸಿ, ಆದಷ್ಟೂ ಘಾಟಬೋರಾಳದ ಹೆಂಗಸಿನಂತೆ ಕೇಳಿದಳು:

"ಆ ಕುದರಿ ಮ್ಯಾಲ ಕೂಡಾಂವ ಯಾರ?"

ದಾದಿಯ ಹಿಡಿತ ಸಡಿಲಾಯಿತು. ಬೆರಳುಗಳು ಒಂದೊಂದಾಗಿ ಮಣಿಕಟ್ಟಿನಿಂದ ಎದ್ದವು, ಬಿಸಿ ಹೆಂಚಿನಿಂದ ಎದ್ದಂತೆ. ಕತ್ತಲಲ್ಲಿ ಆ ಹರೆಯದ ಮುಖ ಹತ್ತಿರ ಬಂದು ಇವಳ ಕಣ್ಣು, ಮೂಗು, ತುಟಿಗಳನ್ನು ಬಹಳ ಹೊತ್ತು ನೋಡಿತು.

"ಕುದರಿ ಯಾರದಂತ ಜಿಜಾಬಾಯಿಗಿ ಗೊತ್ತದ" ಎಂದಳು. "ಮದುವ್ಯಾಗ ಅದರ ಹಗ್ಗಾ ಹಿಡದಾಕಿ ಆಕೀನೇ. ಹುಡುಗ ನಿನ್ನಾಂವ ಅದಾನ ಅಸ್ಗರಿ, ಬ್ಯಾರೆ ಹಾದಿ ಹುಡುಕೋಣು ಅಂತ ಅತ್ತಾಕಿ ಆಕೀನೇ. ನಾ ಬ್ಯಾಡಂದೆ." ಒಂದು ಉಸಿರು. "ನೀ ಯಾರ?"

ಮಹಜಬೀನ್ ಬಾಯಿ ತೆರೆದಳು. ಆಗ ದಾದಿಯ ಕಣ್ಣು ಅವಳ ಮೇಲಿನಿಂದ ಎದ್ದು ಅವಳ ಹೆಗಲಾಚೆ, ಹಿತ್ತಲ ಬಾಗಿಲಿನ ಕಡೆಗೆ ಹೋಯಿತು. ಅಲ್ಲಿ ಯಾರೋ ಬಂದು ನಿಂತದ್ದನ್ನು ಕಂಡ ಕಣ್ಣು. ತಲೆ ಬಹಳ ಸಣ್ಣಗೆ ಆ ಕಡೆ ಈ ಕಡೆ ಆಡಿತು. ಬರಬೇಡ. ಸಿಕ್ಕಿಬಿದ್ದಿದ್ದೇನೆ. ಹೋಗು. ಮಹಜಬೀನಳ ಬೆನ್ನಿನ ಮೇಲೆ, ಮುಚ್ಚಿದ ಬಾಗಿಲಿನ ಕಡೆಯಿಂದ, ಮಳೆಯಲ್ಲಿ ನೆಂದ ಸೀರೆಯ ತಂಪು ತಾಗಿದಂತಾಯಿತು. ತಿರುಗಲು ಧೈರ್ಯವಾಗಲಿಲ್ಲ. ತಿರುಗಿದಾಗ ಅಗುಳಿ ಹಾಕಿದ್ದ ಹಾಗೇ ಇತ್ತು, ಜೇಡರ ಬಲೆಯೂ ಹರಿದಿರಲಿಲ್ಲ.

ಮತ್ತೆ ಈ ಕಡೆ ನೋಡುವಷ್ಟರಲ್ಲಿ ದಾದಿ ತಲೆಯ ಮೇಲೆ ಸೆರಗು ಎಳೆದುಕೊಂಡಿದ್ದಳು. ಮುಖ ತುಂಬ ನಗು. ಓಣಿಯವರು ದುಆ ಎನ್ನುವ ನಗು, ತಲಾಖ್ ಪಡೆದು ಬಂದ ದಿನ ಮಹಜಬೀನಳ ತಲೆಯ ಮೇಲೆ ಕೈಯಿಟ್ಟ ನಗು, ವಜೀರಬಿ ಸಾಯುವ ತನಕ ದಿನದಿನವೂ ಕಂಡ ನಗು. ದಾದಿ ಮೆಲ್ಲಗೆ ಮಂಚದಿಂದ ಜಾರಿ ನೆಲಕ್ಕೆ ಇಳಿದಳು. ಬೇಡ ದಾದಿ ಎಂದು ಹಿಡಿಯಲು ಹೋದ ಕೈಯನ್ನು ಮೃದುವಾಗಿ ಸರಿಸಿ, ಕೈ ಹಿಡಿದು ಮೊಮ್ಮಗಳನ್ನೇ ಮಂಚದ ಮೇಲೆ ಕೂಡಿಸಿದಳು. ಅವಳ ಪಾದಗಳನ್ನು ಎತ್ತಿ ತನ್ನ ತೊಡೆಯ ಮೇಲೆ ಇಟ್ಟುಕೊಂಡಳು.

"ಥಕ್ ಗಯೇ ಅಮ್ಮಾಜಾನ್?" ಎಂದಳು ದಖನಿಯಲ್ಲಿ, ದಣಿದಿರಾ ಎಂದು ಅತ್ತೆಯನ್ನು ಕೇಳುವ ಹೊಸ ಸೊಸೆಯ ದನಿಯಲ್ಲಿ. ಸಣ್ಣ ಎಲುಬಿನ ಬೆರಳುಗಳು ಪಾದ ಒತ್ತತೊಡಗಿದವು.

ಅಡುಗೆಮನೆಯಿಂದ ಆಯೆಷಾ, "ಆಪಾ, ದಾದಿ ಮಜ್ಜಿಗಿ ಕುಡಿದ್ರೇನ?" ಎಂದು ಕೂಗಿದಳು. ಮಹಜಬೀನ್‌ಗೆ ಕಾಲು ಎಳೆದುಕೊಳ್ಳಲಾಗಲಿಲ್ಲ. ಎಳೆದುಕೊಂಡರೆ ಈ ಮುದುಕಿ, ಅತ್ತೆ ತನ್ನನ್ನು ಗುರುತು ಹಿಡಿದಳೆಂದು, ಎಲ್ಲ ಗೊತ್ತಾಯಿತೆಂದು, ನಡುಗಿ ಸತ್ತುಹೋಗುತ್ತಾಳೆ. ತಾನು ಏನನ್ನೂ ಅರಿಯದ ಅತ್ತೆ ವಜೀರಬಿಯಾಗಿ ಇಲ್ಲಿ ಕೂತಿರಬೇಕು. ದಿನವೂ ಬಂದು ಕೂಡಬೇಕು. ಅವಳು ಕೈ ಚಾಚಿ ಬಾಗಿದ ಬಿಳಿಯ ತಲೆಯ ಮೇಲಿಟ್ಟಳು.

"ಜೀತೀ ರಹೋ ಬೇಟಾ" ಎಂದು ಹರಸಿದಳು. ಅಸ್ಗರಿ ಇನ್ನಷ್ಟು ಬಾಗಿ, ನಗುತ್ತ, ಒತ್ತುತ್ತಲೇ ಇದ್ದಳು.